ನಾದಕ್ಕೆ ಮೀಸಲಾದ ತಂತಿ

ಮನೆಯ ಹಜಾರದಲ್ಲಿ ಕುಳಿತು ನಾವು ಕೇಳುವ ಧ್ವನಿಮುದ್ರಿತ ಸಂಗೀತವು ಯಾವ ದ್ರವ್ಯದಿಂದ ಆದುದೆಂದು ವಿಚಾರಿಸುತ್ತ ಹೋದರೆ, ಅದು ಗೋಡೆಯೊಳಗಿನ ತಂತಿಯಲ್ಲಿ ಹರಿದು ಬರುವ ವಿದ್ಯುತ್ತೇ ಹೊರತು ಬೇರೆಯಲ್ಲವೆಂಬ ಉತ್ತರ ದೊರೆಯುತ್ತದೆ. ಗಾಯಕನ ಕಂಠದಿಂದಲೋ ವೀಣೆಯ ತಂತಿಯಿಂದಲೋ ಹೊರಟು ಧ್ವನಿಮುದ್ರಿಕೆಯಲ್ಲಿ ಉಳಿದುಬಂದ ಸಂಕೇತವು ಅತ್ಯಂತ ದುರ್ಬಲವಾದುದು. ಸ್ಪೀಕರಿನ ಶಂಕುವನ್ನು ಅಲುಗಿಸುವ ತ್ರಾಣ ಅದಕ್ಕಿಲ್ಲ. ಕೆರೆಯ ತೂಬನ್ನು ಎತ್ತಿ ಇಳಿಸುವ ನೀರುಗಂಟಿಯ ಕೈಯಂತೆ ಅದು ಆಂಪ್ಲಿಫೈಯರಿನೊಳಗಣ ಟ್ರಾನ್ಸಿಸ್ಟರುಗಳನ್ನು ತೆರೆದು ಮುಚ್ಚುತ್ತದೆ. ಹರಿದು ಬಂದು ಸ್ಪೀಕರನ್ನು ದುಡಿಸುವ ಹೊನಲೆಲ್ಲವೂ ಮನೆಯ ವಿದ್ಯುತ್ತಿನದೇ. ಹೀಗಿರುವಲ್ಲಿ, ಸಂಗೀತಪ್ರಿಯನಾದ ಗೃಹಸ್ಥನು ಆಂಪ್ಲಿಫೈಯರನ್ನು ತಿಂಗಳುಗಟ್ಟಲೆ ವಿಚಾರಿಸಿ ಆರಿಸಿ, ಸ್ಪೀಕರುಗಳಿಗೆ ಲಕ್ಷಗಟ್ಟಲೆ ಹಣವನ್ನು ವ್ಯಯಿಸಿ, ಅವೆಲ್ಲಕ್ಕೂ ಮೂಲಾಧಾರವಾದ ವಿದ್ಯುತ್ತನ್ನು ಮಾತ್ರ ಟೀವಿಯ ಹಿಂದಿನ ಯಾವುದೋ ಒಂದು ಸಾಕೆಟ್ಟಿನಿಂದ ಎಕ್ಸ್‌ಟೆನ್ಷನ್ ಬಾಕ್ಸಿನ ಮೂಲಕ ಎಳೆದುಕೊಳ್ಳುವುದು ವಿವೇಕಕ್ಕೆ ಒಪ್ಪುವ ಸಂಗತಿಯಲ್ಲ. ಮನೆ ಕಟ್ಟುವಾಗಲೇ, ಗೋಡೆಗೆ ಗಾರೆ ಬೀಳುವ ಮುನ್ನವೇ, ಸಂಗೀತದ ಸಲಕರಣೆಗಳಿಗೆಂದು ಒಂದು ಪ್ರತ್ಯೇಕ ಸರ್ಕ್ಯೂಟನ್ನು ಯೋಜಿಸಬೇಕೆಂದೂ, ಆ ಯೋಜನೆಯು ನಂಬಿಕೆಯನ್ನು ಬಿಟ್ಟು ಲೆಕ್ಕವನ್ನು ಆಶ್ರಯಿಸಬೇಕೆಂದೂ, ಅದರಲ್ಲಿ ಪ್ರಾಣರಕ್ಷಣೆಗೆ ಅಗ್ರಸ್ಥಾನವನ್ನು ಕೊಟ್ಟ ಬಳಿಕವೇ ನಾದಸೌಖ್ಯವನ್ನು ಗಣಿಸಬೇಕೆಂದೂ ನನ್ನ ದೃಢವಾದ ಅಭಿಪ್ರಾಯ.

ವಿದ್ಯುತ್ತು ನಮ್ಮ ನಾಡಿಗೆ ನಿನ್ನೆ ಮೊನ್ನೆ ಬಂದುದಲ್ಲ. 1902ರಲ್ಲಿ ಶಿವನಸಮುದ್ರದ ಜಲಪಾತದ ಬಲವು ತಂತಿಯ ಮೂಲಕ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. 1905ರಲ್ಲಿ ಬೆಂಗಳೂರಿನ ಬೀದಿಗಳು ವಿದ್ಯುದ್ದೀಪಗಳಿಂದ ಬೆಳಗಿದುವು. 1935ರಲ್ಲಿ ಮೈಸೂರಿನ ಪ್ರಾಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಆಕಾಶವಾಣಿಯನ್ನು ಸ್ಥಾಪಿಸಿ, 30 ವ್ಯಾಟ್ ಸಾಮರ್ಥ್ಯದ ಒಂದು ಪುಟ್ಟ ಪ್ರೇಷಕ ಯಂತ್ರದಿಂದ ಊರಿಗೆ ಮಾತನ್ನೂ ಸಂಗೀತವನ್ನೂ ಕೇಳಿಸಿದರು. ಅಂದು ಒಂದು ಊರಿನ ಪ್ರಸಾರಕ್ಕೆ ಮೊದಲಾದ 30 ವ್ಯಾಟಿನ ಎದುರಿಗೆ, ಇಂದು ಒಂದು ಕುಟುಂಬದ ಹಜಾರದಲ್ಲಿ ಕುಳಿತಿರುವ ಆಂಪ್ಲಿಫೈಯರು ಎಡಬಲದ ಒಂದೊಂದು ಸ್ಪೀಕರಿಗೂ 200 ವ್ಯಾಟಿನಷ್ಟನ್ನು ಕೊಡಬಲ್ಲುದಾಗಿದೆ. ಸಲಕರಣೆಗಳು ಹೀಗೆ ಬೆಳೆದಿದ್ದರೂ ಮನೆಯ ವೈರಿಂಗಿನ ಕಲ್ಪನೆ ಮಾತ್ರ ದೀಪ ಮತ್ತು ಫ್ಯಾನುಗಳ ಕಾಲದಲ್ಲಿಯೇ ನಿಂತುಬಿಟ್ಟಿದೆ.

ನಮ್ಮ ಮನೆಗಳಲ್ಲಿ ತಂತಿ ಎಳೆಯುವ ಕ್ರಮವನ್ನು ನೋಡಿದವರಿಗೆ ಈ ಮಾತು ಅತಿಶಯೋಕ್ತಿಯೆಂದು ತೋರದು. ಗೀಸರಿಗೂ ಏಸಿಗೂ ವಿದ್ಯುತ್ತನ್ನು ಹಂಚುವ ಡಿಬಿ ಪೆಟ್ಟಿಗೆಯಿಂದ ನೇರವಾಗಿ ದಪ್ಪ ತಂತಿಯನ್ನು ತರಬೇಕೆಂಬುದು ಈಗ ಎಲ್ಲ ಎಲೆಕ್ಟ್ರೀಷಿಯನ್ನರಿಗೂ ಗೊತ್ತು. ಹಜಾರದ ವಿಷಯ ಬಂದಾಗಲಾದರೋ, ದೀಪಗಳು, ಫ್ಯಾನುಗಳು, ಟೀವಿಯ ಗೋಡೆಯ ಸಣ್ಣ ಸಾಕೆಟ್ಟುಗಳು ಇವೆಲ್ಲವನ್ನೂ 1 ಅಥವಾ 1.5 ಚದರ ಮಿಲಿಮೀಟರಿನ ಒಂದೇ ತಂತಿಗೆ ಕಟ್ಟಿ, ಒಂದು ಸ್ವಿಚ್ ಬೋರ್ಡಿನಿಂದ ಮತ್ತೊಂದಕ್ಕೆ ಲೂಪ್ ಮಾಡುತ್ತ ಹೋಗುವುದೇ ರೂಢಿ. ಆ ಸಾಲನ್ನೇ ಯುಪಿಎಸ್ಸಿಗೂ ಸೇರಿಸಿಬಿಡುವುದು ಅನೇಕ ಕಡೆ ಕಾಣುವ ಪದ್ಧತಿ. ಪರಿಣಾಮವಾಗಿ, ಬೆಲೆಬಾಳುವ ಆಂಪ್ಲಿಫೈಯರು ಪ್ರತಿ ಕ್ಷಣವೂ ವಿದ್ಯುತ್ತಿನ ಅಲೆಯನ್ನು ಕತ್ತರಿಸುವ ಎಲೆಕ್ಟ್ರಾನಿಕ್ ಫ್ಯಾನ್ ರೆಗ್ಯುಲೇಟರಿನೊಡನೆಯೂ ಎಲ್‌ಇಡಿ ದೀಪಗಳ ಅಗ್ಗದ ಡ್ರೈವರುಗಳೊಡನೆಯೂ ಒಂದೇ ತಂತಿಯನ್ನು ಹಂಚಿಕೊಳ್ಳಬೇಕಾಗುತ್ತದೆ. ಹೀಗೆ ಲೂಪ್ ಮಾಡಿದ ಪ್ರತಿಯೊಂದು ಬೋರ್ಡಿನಲ್ಲಿಯೂ ಸ್ಕ್ರೂವಿನ ಕೆಳಗೆ ಒತ್ತಿಹಿಡಿದ ಒಂದೊಂದು ಜೋಡಣೆಯಿದ್ದು, ಅವುಗಳಲ್ಲಿ ಒಂದು ಸಡಿಲವಾದರೂ ಅದರ ಮುಂದಿನ ಎಲ್ಲ ಸಲಕರಣೆಗಳಿಗೂ ವಿದ್ಯುತ್ತು ಕಿಡಿ ಕಾರುತ್ತ ತಡವರಿಸಿ ತಲಪುತ್ತದೆಂಬುದು ಇನ್ನೂ ಗಂಭೀರವಾದ ವಿಷಯ.

ಪ್ರತ್ಯೇಕ ಸರ್ಕ್ಯೂಟು ಎಂದರೆ ಅದ್ಭುತವಾದ ಏರ್ಪಾಡೇನೂ ಅಲ್ಲ. ಡಿಬಿಯಲ್ಲಿ, ಪ್ರವಾಹ ಮಿತಿಮೀರಿದಾಗ ತಾನಾಗಿಯೇ ಬೀಳುವ, ತನ್ನದೇ ಆದ ಒಂದು ಎಂಸಿಬಿ. ಅಲ್ಲಿಂದ ತನ್ನದೇ ಆದ ಪೈಪಿನೊಳಗೆ ಫೇಸ್, ನ್ಯೂಟ್ರಲ್, ಅರ್ಥಿಂಗ್ ಎಂಬ ಮೂರು ತಂತಿಗಳು. ನಡುವೆ ಎಲ್ಲಿಯೂ ಜೋಡಣೆಯಿಲ್ಲದೆ ಅವು ಬಂದು ಸೇರುವ, ಸಲಕರಣೆಗಳ ಹಿಂದೆಯೇ ಒಂದೆಡೆ ಗುಂಪಾಗಿರುವ 16 ಆಂಪಿಯರಿನ ಕೆಲವು ಸಾಕೆಟ್ಟುಗಳು. ಆ ತಂತಿಗೆ ಮತ್ತಾವ ದೀಪವನ್ನಾಗಲಿ ಫ್ಯಾನನ್ನಾಗಲಿ ಸೇರಿಸಕೂಡದೆಂಬ ನಿಯಮ. ಡಿಬಿಯಿಂದ ಸಂಗೀತದ ಮೂಲೆಗೆ 20 ಮೀಟರ್ ದೂರವಿದ್ದರೆ ಬೇಕಾಗುವುದು ಒಟ್ಟು 60 ಮೀಟರ್ ತಂತಿ. ಮನೆಯ ಒಟ್ಟು ವೆಚ್ಚದಲ್ಲಿ ಇದು ಗಣನೆಗೆ ಬಾರದ ಮೊತ್ತ. ಆದರೆ ಗಾರೆಯಾಗಿ ಬಣ್ಣ ಬಳಿದು ಗೃಹಪ್ರವೇಶ ಮುಗಿದ ಮೇಲೆ ಇದನ್ನೇ ಮಾಡಹೊರಟರೆ, ಗೋಡೆ ಕೊರೆಯುವ ಧೂಳಿಗೂ ಮರಳಿ ಬಣ್ಣ ಬಳಿಯುವ ಖರ್ಚಿಗೂ ಹೆದರಿ ಯಾರೂ ಮುಂದುವರಿಯುವುದಿಲ್ಲ. ಆದುದರಿಂದಲೇ ಇದು ಯೋಜನೆಯ ಹಂತದಲ್ಲಿ ನಿರ್ಧಾರವಾಗಬೇಕಾದ ಕಾರ್ಯ. ಆಂಪ್ಲಿಫೈಯರನ್ನು ಕೊಳ್ಳುವುದು ಹತ್ತು ವರ್ಷಗಳ ಅನಂತರವೇ ಆದರೂ ಅದರ ಪೈಪು ಇಂದೇ ಗೋಡೆಯೊಳಗೆ ಕುಳಿತಿರಬೇಕು.

ಇನ್ನು ಎಷ್ಟು ದಪ್ಪದ ತಂತಿ, ಎಷ್ಟು ಸಾಲುಗಳು ಎಂಬ ಪ್ರಶ್ನೆ. ಈ ವಿಷಯದಲ್ಲಿ ನಮ್ಮ ಉತ್ಸಾಹಿಗಳು ಅಮೆರಿಕದವರ ಉಪದೇಶವನ್ನು ಓದಿ ಅದನ್ನೇ ಅಕ್ಷರಶಃ ಅನುಸರಿಸುವುದರಿಂದ ಅನವಶ್ಯಕವಾದ ಗೊಂದಲ ಹುಟ್ಟಿದೆ. ಆ ದೇಶದ ಮನೆಗಳ ಸಾಮಾನ್ಯ ಸಾಕೆಟ್ಟುಗಳಿಗೆ ಬರುವುದು 120 ವೋಲ್ಟ್. 15 ಆಂಪಿಯರಿನ ಒಂದು ಸರ್ಕ್ಯೂಟಿನಿಂದ ಅವರಿಗೆ ದೊರೆಯುವುದು 1800 ವ್ಯಾಟ್ ಮಾತ್ರ. ಆದಕಾರಣ ಅವರು 20 ಆಂಪಿಯರಿನ ಸಾಲುಗಳನ್ನು ಎರಡು ಮೂರು ಎಳೆಯಿಸುವುದರಲ್ಲಿ ಅರ್ಥವುಂಟು. ನಮ್ಮಲ್ಲಿ ಇರುವುದು 230 ವೋಲ್ಟ್. 16 ಆಂಪಿಯರಿನ ಒಂದೇ ಸಾಲು 3680 ವ್ಯಾಟನ್ನು ಹೊರಬಲ್ಲುದು. ಒಂದೊಂದು ಸ್ಪೀಕರಿಗೆ 200 ವ್ಯಾಟ್ ಕೊಡುವ ಎಬಿ ವರ್ಗದ ಆಂಪ್ಲಿಫೈಯರು ತನ್ನ ಪೂರ್ಣ ಸಾಮರ್ಥ್ಯದಲ್ಲಿ ಎಡೆಬಿಡದೆ ದುಡಿದರೂ, ಅದರ ದಕ್ಷತೆಯನ್ನು ನೂರಕ್ಕೆ 60 ಎಂದು ಎಣಿಸಿದಲ್ಲಿ, ಗೋಡೆಯಿಂದ ಸೆಳೆಯುವುದು ಸುಮಾರು 670 ವ್ಯಾಟ್, ಅಂದರೆ 3 ಆಂಪಿಯರಿಗಿಂತ ಕಡಿಮೆ. ಸಂಗೀತವಾದರೋ ಎಡೆಬಿಡದ ಗರ್ಜನೆಯಲ್ಲ. ಮೃದಂಗದ ಒಂದು ಘಾತಕ್ಕೂ ಮುಂದಿನ ಘಾತಕ್ಕೂ ನಡುವೆ, ಆಲಾಪನೆಯ ಒಂದು ಉಸಿರಿಗೂ ಇನ್ನೊಂದಕ್ಕೂ ನಡುವೆ, ವಿರಾಮವಿರುತ್ತದೆ. ಆಂಪ್ಲಿಫೈಯರುಗಳ ಸುರಕ್ಷತೆಯನ್ನು ಪರೀಕ್ಷಿಸುವವರು ಸಾಧಾರಣ ಬಳಕೆಗೆ ಪೂರ್ಣ ಸಾಮರ್ಥ್ಯದ ಎಂಟನೆಯ ಒಂದು ಭಾಗವನ್ನೇ ಅಳತೆಗೋಲಾಗಿ ಇಟ್ಟುಕೊಂಡಿರುವುದು ಈ ಕಾರಣದಿಂದಲೇ.

ಹೀಗಾಗಿ ನಮ್ಮ ಮನೆಗಳಲ್ಲಿ, 500 ವ್ಯಾಟಿನ ಎರಡು ಆಂಪ್ಲಿಫೈಯರುಗಳನ್ನೂ 1000 ವ್ಯಾಟಿನ ಒಂದು ಸಬ್‌ವೂಫರನ್ನೂ ಇಟ್ಟುಕೊಂಡ ಮಹತ್ವಾಕಾಂಕ್ಷಿಗೂ, ಸರಿಯಾಗಿ ಹಾಕಿದ ಒಂದು ಸಾಲು ಸಾಕು. ಹಾಡಿದರೂ ಹಾಡದಿದ್ದರೂ ನೂರಾರು ವ್ಯಾಟನ್ನು ಸದಾ ಶಾಖವಾಗಿ ಉಗುಳುತ್ತಿರುವ ಎ ವರ್ಗದ ಆಂಪ್ಲಿಫೈಯರುಗಳು ಹಲವು ಇದ್ದರೆ, ಇಲ್ಲವೇ ಗೃಹಚಿತ್ರಮಂದಿರವೆನ್ನುವಷ್ಟು ಸಲಕರಣೆಗಳು ಕೂಡಿದರೆ, ಆಗ ಎರಡನೆಯ ಸಾಲಿನ ಯೋಚನೆ ಮಾಡಬಹುದು. ಹಾಗೆ ಮಾಡುವಾಗ ಎರಡೂ ಸಾಲುಗಳು ಒಂದೇ ಡಿಬಿಯಿಂದ, ಒಂದೇ ಫೇಸಿನಿಂದ, ಅಕ್ಕಪಕ್ಕದಲ್ಲಿಯೇ ಹೊರಡಬೇಕೆಂಬುದನ್ನು ಮರೆಯತಕ್ಕದ್ದಲ್ಲ.

ತಂತಿಯ ದಪ್ಪದ ವಿಷಯದಲ್ಲಿಯೂ ಲೆಕ್ಕವೇ ನಮ್ಮ ಗುರು. 20 ಮೀಟರ್ ದೂರಕ್ಕೆ ಹೋಗಿ ಬರುವ ದಾರಿ 40 ಮೀಟರ್. 1.5 ಚದರ ಮಿಲಿಮೀಟರಿನ ತಾಮ್ರದ ತಂತಿಯಾದರೆ ಆ ದಾರಿಯ ಅಡ್ಡಿಯು ಹೆಚ್ಚುಕಡಿಮೆ ಅರ್ಧ ಓಮ್. 10 ಆಂಪಿಯರ್ ಹರಿದಾಗ ಸುಮಾರು 5 ವೋಲ್ಟ್ ದಾರಿಯಲ್ಲಿಯೇ ಸೋರಿಹೋಗುತ್ತದೆ. ಅದೇ 4 ಚದರ ಮಿಲಿಮೀಟರಿನ ತಂತಿಯಾದರೆ ನಷ್ಟವು 2 ವೋಲ್ಟಿನ ಸಮೀಪಕ್ಕೆ ಇಳಿಯುತ್ತದೆ. 230ರಲ್ಲಿ 2 ವೋಲ್ಟ್ ಎಂದರೆ ನೂರಕ್ಕೆ ಒಂದಕ್ಕಿಂತಲೂ ಕಡಿಮೆ. ಇದರಿಂದ ರಾಗದ ರಸ ಹೆಚ್ಚಿತೆಂದು ಯಾರಾದರೂ ಹೇಳಿದರೆ ನಾನು ಒಪ್ಪಲಾರೆ. ಎಲೆಕ್ಟ್ರೀಷಿಯನ್ನರು ನಾಲ್ಕು ಸ್ಕ್ವೇರ್ ಎನ್ನುವ ಈ ತಂತಿಯನ್ನು ನಾನು ಶಿಫಾರಸು ಮಾಡುವುದು ಬೇರೆ ಕಾರಣಗಳಿಂದ: ಅದು ಬಿಸಿಯಾಗುವುದಿಲ್ಲ, ದೋಷವುಂಟಾದಾಗ ಎಂಸಿಬಿಯನ್ನು ತಟ್ಟನೆ ಬೀಳಿಸುವಷ್ಟು ಪ್ರವಾಹವನ್ನು ಹರಿಯಗೊಡುತ್ತದೆ, ಮುಂದೆ ಸಲಕರಣೆಗಳು ಬೆಳೆದರೂ ಗೋಡೆಯನ್ನು ಮುಟ್ಟಬೇಕಾಗುವುದಿಲ್ಲ. ಇಲ್ಲಿ ಇನ್ನೊಂದು ಸತ್ಯವನ್ನೂ ಹೇಳಬೇಕು. ಬೀದಿಯ ಕಂಬದಿಂದ ಮೀಟರಿನವರೆಗಿನ ತಂತಿಯು ಇಡೀ ಮನೆಗೆ ಸಾಮಾನ್ಯವಾದುದರಿಂದ, ಅಲ್ಲಿ ಉಂಟಾಗುವ ಏರುಪೇರನ್ನು ಮನೆಯೊಳಗಿನ ಯಾವ ಪ್ರತ್ಯೇಕ ಸಾಲೂ ಗುಣಪಡಿಸಲಾರದು.

ಎಂಸಿಬಿಯ ಆಯ್ಕೆಯಲ್ಲಿ ಒಂದು ಸೂಕ್ಷ್ಮವುಂಟು. ದೊಡ್ಡ ಆಂಪ್ಲಿಫೈಯರಿನ ಹೃದಯದಲ್ಲಿರುವ ಬಳೆಯಾಕಾರದ ಟೊರಾಯ್ಡಲ್ ಟ್ರಾನ್ಸ್‌ಫಾರ್ಮರು ಸ್ವಿಚ್ ಒತ್ತಿದ ಮೊದಲ ಕ್ಷಣದಲ್ಲಿ ತನ್ನ ಸಾಮಾನ್ಯ ಪ್ರವಾಹದ ಹತ್ತಾರು ಪಟ್ಟು ಸೆಳೆಯುತ್ತದೆ. ಬಿ ಗುಣದ ಎಂಸಿಬಿಯು ತನ್ನ ಅಂಕಿತದ 3ರಿಂದ 5 ಪಟ್ಟಿಗೇ ಥಟ್ಟನೆ ಬೀಳುವುದರಿಂದ, ದೋಷವಿಲ್ಲದಿದ್ದರೂ ಕೆಲವೊಮ್ಮೆ ವಿದ್ಯುತ್ತು ಕಡಿದುಹೋಗುವುದು. ಸಿ ಗುಣದ್ದು 5ರಿಂದ 10 ಪಟ್ಟಿನವರೆಗೆ ತಾಳುವುದರಿಂದ ಈ ಕಾರ್ಯಕ್ಕೆ ಯೋಗ್ಯವಾದುದು. ಎಂಸಿಬಿ ಬೀಳುತ್ತದೆಂದು ಬೇಸರಪಟ್ಟು 16ರ ಜಾಗದಲ್ಲಿ 32 ಆಂಪಿಯರಿನದನ್ನು ಕೂರಿಸುವ ಅಡ್ಡದಾರಿ ಮಾತ್ರ ಬೆಂಕಿಗೆ ಕೊಟ್ಟ ಆಹ್ವಾನ. ಏಕೆಂದರೆ ಎಂಸಿಬಿಯು ಕಾಯಬೇಕಾದುದು ಮೊದಲು ಗೋಡೆಯೊಳಗಿನ ತಂತಿಯನ್ನು, ಅನಂತರ ಮಿಕ್ಕುದನ್ನು.

ಈಗ ನಾದದ ಮಾತಿಗೆ ಬರುವೆನು. ಈ ಪ್ರಯತ್ನವೆಲ್ಲ ಯಾವುದಕ್ಕಾಗಿಯೋ ಆ ವಿಷಯವಿದು. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಬಾರಿ ಆವರ್ತಿಸುತ್ತದೆ. ವ್ಯವಸ್ಥೆ ಕೆಟ್ಟಾಗ ಸ್ಪೀಕರಿನಿಂದ ಹೊಮ್ಮುವ ಗುಂಯ್‌ಗುಟ್ಟುವಿಕೆಯು 50 ಹರ್ಟ್ಸಿನದು, ಜೊತೆಗೆ ಅದರ ಇಮ್ಮಡಿಯಾದ 100 ಹರ್ಟ್ಸಿನದು. ಪಾಶ್ಚಾತ್ಯ ವಾದ್ಯವೃಂದವನ್ನು ಕೇಳುವವನಿಗೆ ಇದು ಹಿನ್ನೆಲೆಯ ಒಂದು ಕಿರಿಕಿರಿ. ನಮ್ಮ ಸಂಗೀತವನ್ನು ಕೇಳುವವನಿಗೆ ಇದು ಶ್ರುತಿಭಂಗ. ಹಾರ್ಮೋನಿಯಮಿನ ಬಿಳಿ ಒಂದನೆಯ ಮನೆಯನ್ನು ಷಡ್ಜವಾಗಿಟ್ಟುಕೊಂಡು ಹಾಡುವ ಗಾಯಕನ ಹಿಂದೆ ಮಿಡಿಯುತ್ತಿರುವ ತಂಬೂರಿಯ ಮಂದ್ರ ಪಂಚಮವು ಸುಮಾರು 98 ಹರ್ಟ್ಸಿನಲ್ಲಿರುತ್ತದೆ. ಅದರ ಪಕ್ಕದಲ್ಲಿ 100 ಹರ್ಟ್ಸಿನ ಯಂತ್ರಸ್ವರವೊಂದು ನಿಂತರೆ, ಎರಡೂ ಒಂದನ್ನೊಂದು ತಾಕಿ ಸೆಕೆಂಡಿಗೆ ಎರಡು ಬಾರಿ ಏರಿ ಇಳಿಯುವ ಒಂದು ಕಂಪನವನ್ನು ಹುಟ್ಟಿಸುತ್ತವೆ. ಕಛೇರಿಯ ಆರಂಭದಲ್ಲಿ ತಂಬೂರಿಯ ಜೀವಾಳವನ್ನು ಸರಿಪಡಿಸಲು ಕಲಾವಿದನು ತೆಗೆದುಕೊಂಡ ಶ್ರಮವೆಲ್ಲವನ್ನೂ ನಮ್ಮ ಗೋಡೆಯೊಳಗಿನ ತಂತಿಯು ಹೀಗೆ ಹಾಳುಮಾಡುತ್ತದೆ. ವಿಲಂಬಿತ ಕಾಲದ ಆಲಾಪನೆಯಲ್ಲಿ ಗಾಯಕನು ಮೌನವನ್ನೂ ರಾಗದ ಅಂಗವಾಗಿ ಬಳಸುವನಾದುದರಿಂದ, ಆ ಮೌನದಲ್ಲಿ ಅಪಸ್ವರವೊಂದು ಸ್ಥಿರವಾಗಿ ಉಳಿದಿರುವುದನ್ನು ಸಹಿಸಿಕೊಳ್ಳಬೇಕೆಂದು ರಸಿಕರಿಗೆ ಯಾರೂ ಹೇಳಲಾರರು.

ಈ ಶಬ್ದದ ಮೂಲವು ಬಹುಮಟ್ಟಿಗೆ ಭೂಸಂಪರ್ಕದ ಕುಣಿಕೆಯಲ್ಲಿದೆ. ಹಾಡನ್ನು ನುಡಿಸುವ ಉಪಕರಣವು ಒಂದು ಗೋಡೆಯ ಸಾಕೆಟ್ಟಿನಲ್ಲಿಯೂ ಆಂಪ್ಲಿಫೈಯರು ಎದುರು ಗೋಡೆಯ ಸಾಕೆಟ್ಟಿನಲ್ಲಿಯೂ ಇದ್ದಾಗ, ಎರಡರ ಅರ್ಥಿಂಗ್ ತಂತಿಗಳು ಬೇರೆ ಬೇರೆ ದಾರಿಯಲ್ಲಿ ಡಿಬಿಯನ್ನು ಸೇರುತ್ತವೆ. ಇವೆರಡನ್ನೂ ಕೂಡಿಸುವ ಸಂಕೇತದ ತಂತಿಯ ಕವಚವು ಅವುಗಳ ನಡುವೆ ಮೂರನೆಯ ಸೇತುವೆಯಾಗುತ್ತದೆ. ಫ್ರಿಜ್ಜು, ಕಂಪ್ಯೂಟರು ಮುಂತಾದುವುಗಳಿಂದ ಅರ್ಥಿಂಗಿಗೆ ಸಹಜವಾಗಿಯೇ ಸೋರುವ ಅಲ್ಪ ಪ್ರವಾಹವು ಈ ಕುಣಿಕೆಯಲ್ಲಿ ಸುತ್ತುವಾಗ ಕವಚದ ಎರಡು ತುದಿಗಳ ನಡುವೆ ಒಂದು ಮಿಲಿವೋಲ್ಟಿನಷ್ಟು ಅಂತರ ಬಿದ್ದರೂ ಸಾಕು. ಆಂಪ್ಲಿಫೈಯರು ಅದನ್ನೂ ಸಂಗೀತವೆಂದೇ ಭಾವಿಸಿ ಇಪ್ಪತ್ತಕ್ಕೂ ಹೆಚ್ಚು ಪಟ್ಟು ಹಿಗ್ಗಿಸಿ ಸ್ಪೀಕರಿಗೆ ಒಪ್ಪಿಸುತ್ತದೆ. ಕೇಬಲ್ ಟೀವಿಯ ತಂತಿಯೂ ಮಾಳಿಗೆಯ ಮೇಲಿನ ಡಿಶ್ಶಿನ ತಂತಿಯೂ ಹೊರಗಿನಿಂದ ಬೇರೊಂದು ಭೂಸಂಪರ್ಕವನ್ನು ಹೊತ್ತು ತಂದು ಈ ಕುಣಿಕೆಯನ್ನು ಇನ್ನಷ್ಟು ದೊಡ್ಡದು ಮಾಡುವುದುಂಟು. ಎಲ್ಲ ಸಲಕರಣೆಗಳೂ ಒಂದೇ ಸಾಲಿನ, ಒಂದೇ ಕಡೆ ಇರುವ ಸಾಕೆಟ್ಟುಗಳಿಂದ ವಿದ್ಯುತ್ತನ್ನು ಪಡೆದಾಗ ಕುಣಿಕೆಯು ಕುಗ್ಗಿ, ಅದರಲ್ಲಿ ಹರಿಯುವ ಅನ್ಯ ಪ್ರವಾಹವು ಬಹುಮಟ್ಟಿಗೆ ನಿಂತುಹೋಗುತ್ತದೆ. ಪ್ರತ್ಯೇಕ ಸರ್ಕ್ಯೂಟಿನಿಂದ ಕಿವಿಗೆ ದೊರೆಯುವ ನಿಜವಾದ ಲಾಭ ಇದೇ. ಅದರ ಮೇಲೆಯೂ ಶಬ್ದ ಉಳಿದರೆ, ಸಂಕೇತದ ದಾರಿಯಲ್ಲಿ ಒಂದು ಚಿಕ್ಕ ಐಸೊಲೇಷನ್ ಟ್ರಾನ್ಸ್‌ಫಾರ್ಮರನ್ನೋ ಬ್ಯಾಲೆನ್ಸ್ಡ್ ತಂತಿಯನ್ನೋ ಬಳಸುವುದು ಕ್ರಮ. ದೋಷವು ಆಂಪ್ಲಿಫೈಯರಿನ ಒಳಗೇ ಇದ್ದರೆ ಅದನ್ನು ರಿಪೇರಿ ಮಾಡಿಸಬೇಕಲ್ಲದೆ ಗೋಡೆಯನ್ನು ದೂರಿ ಪ್ರಯೋಜನವಿಲ್ಲ.

ಆದರೆ ನಮ್ಮಲ್ಲಿ ಈ ಶಬ್ದಕ್ಕೆ ಮಾಡುವ ಸುಲಭ ಚಿಕಿತ್ಸೆಯೊಂದುಂಟು. ಅದನ್ನು ನಾನು ಬಹಿರಂಗವಾಗಿ ಖಂಡಿಸಬೇಕಾಗಿದೆ. ಮೂರು ಕಡ್ಡಿಯ ಪ್ಲಗ್ಗಿನ ದಪ್ಪ ಕಡ್ಡಿಗೆ ಸೇರಿದ ಹಸಿರು ತಂತಿಯನ್ನು ಕತ್ತರಿಸಿಬಿಡುವುದೇ ಆ ಚಿಕಿತ್ಸೆ. ಹಾಗೆ ಮಾಡಿದೊಡನೆ ಗುಂಯ್ಕಾರ ನಿಲ್ಲುವುದು ದಿಟ. ನಿಂತುದನ್ನು ಕಂಡು ಮನೆಯವರು ಮೆಚ್ಚುವುದೂ ದಿಟ. ಆದರೆ ಅಂದಿನಿಂದ ಆ ಆಂಪ್ಲಿಫೈಯರಿನ ಲೋಹದ ಮೈಗೂ ಮನೆಯ ಮಗುವಿನ ಕೈಗೂ ನಡುವೆ ಇದ್ದ ರಕ್ಷಣೆ ಹೋಗುತ್ತದೆ. ಒಳಗಿನ ಟ್ರಾನ್ಸ್‌ಫಾರ್ಮರಿನ ಅವಾಹಕವು ಎಂದೋ ಒಂದು ದಿನ ಸೋತು ಫೇಸ್ ಬಂದು ಪೆಟ್ಟಿಗೆಯನ್ನು ಮುಟ್ಟಿದಾಗ, ಹಸಿರು ತಂತಿಯಿದ್ದರೆ ಆ ಪ್ರವಾಹವು ಅದರ ಮೂಲಕ ಹರಿದು ರಕ್ಷಕವನ್ನು ಬೀಳಿಸುತ್ತದೆ. ಇಲ್ಲದಿದ್ದರೆ 230 ವೋಲ್ಟ್ ಪೆಟ್ಟಿಗೆಯ ಮೇಲೆ ಸದ್ದಿಲ್ಲದೆ ಕಾದಿರುತ್ತದೆ, ಸಂಗೀತವೂ ಎಂದಿನಂತೆ ನಡೆಯುತ್ತಿರುತ್ತದೆ. ಸಂಕೇತದ ತಂತಿಗಳ ಕವಚದ ಮೂಲಕ ಅದು ಮಿಕ್ಕ ಉಪಕರಣಗಳ ಮೈಗೂ ಹಬ್ಬುತ್ತದೆ. ಕಿವಿಯ ಸೌಖ್ಯಕ್ಕಾಗಿ ಜೀವದ ಕಾವಲನ್ನು ಕಳಚುವ ಈ ಪದ್ಧತಿಯನ್ನು ಯಾವ ಎಲೆಕ್ಟ್ರೀಷಿಯನ್ನನೂ ಮಾಡಕೂಡದು, ಯಾವ ಗೃಹಸ್ಥನೂ ಒಪ್ಪಕೂಡದು.

ಇದರ ಸೋದರನಾದ ಮತ್ತೊಂದು ತಪ್ಪು ಕಲ್ಪನೆಯೆಂದರೆ, ಸಂಗೀತಕ್ಕೆಂದೇ ಅಂಗಳದಲ್ಲಿ ಬೇರೊಂದು ಗುಂಡಿ ತೋಡಿ, ಮನೆಯ ಭೂಸಂಪರ್ಕದೊಡನೆ ಸೇರಿಸದೆ ಸ್ವತಂತ್ರವಾದ ಶುದ್ಧ ಅರ್ಥಿಂಗನ್ನು ಮಾಡಿಸುವುದು. ಸಿಡಿಲು ಹತ್ತಿರದಲ್ಲಿ ಬಿದ್ದಾಗ ಎರಡು ಗುಂಡಿಗಳ ಮಣ್ಣಿನ ವೋಲ್ಟೇಜುಗಳ ನಡುವೆ ಸಾವಿರಾರು ವೋಲ್ಟಿನ ಅಂತರ ಏಳಬಹುದು. ಆಗ ಅವೆರಡನ್ನೂ ಕೂಡಿಸಲು ದೊರೆಯುವ ಸೇತುವೆಯು ನಮ್ಮ ಸಲಕರಣೆಗಳೇ. ಗುಂಡಿಗಳು ಎಷ್ಟೇ ಇರಲಿ, ಅವುಗಳನ್ನೆಲ್ಲ ಒಂದೇ ಪಟ್ಟಿಗೆ ಬಂಧಿಸತಕ್ಕದ್ದು ಎಂಬುದು ಮೀರಲಾಗದ ನಿಯಮ.

ಭೂಸಂಪರ್ಕದ ಗುಂಡಿಯೂ ಒಮ್ಮೆ ತೋಡಿ ಮರೆತುಬಿಡುವ ವಸ್ತುವಲ್ಲ. ಭಾರತೀಯ ಮಾನಕಗಳಲ್ಲಿ ಭೂಸಂಪರ್ಕಕ್ಕೆಂದೇ ಐಎಸ್ 3043 ಎಂಬ ಸಂಹಿತೆಯಿದೆ. ವೈರಿಂಗಿಗೆ ಐಎಸ್ 732 ಎಂಬುದಿದೆ. ಇದ್ದಿಲು ಮತ್ತು ಉಪ್ಪಿನ ನಡುವೆ ಜಿಐ ಪೈಪನ್ನು ಹೂಳುವ ನಮ್ಮ ಹಳೆಯ ವಿಧಾನವು ಮಣ್ಣಿನಲ್ಲಿ ತೇವವಿರುವ ತನಕ ಚೆನ್ನಾಗಿಯೇ ನಡೆಯುತ್ತದೆ. ಕೆಮ್ಮಣ್ಣು ಮತ್ತು ಕಲ್ಲಿನ ಪದರಗಳಿರುವ ಬೆಂಗಳೂರು, ಕೋಲಾರದ ಕಡೆಯ ನೆಲದಲ್ಲಿ ಬೇಸಗೆ ಬಂದಾಗ ಗುಂಡಿ ಒಣಗಿ ಅಡ್ಡಿ ಏರುತ್ತದೆ. ನಮ್ಮ ಅನೇಕ ಮನೆಗಳಲ್ಲಿ ದೋಷಪ್ರವಾಹವು ಈ ಮಣ್ಣಿನ ಮೂಲಕವೇ ಬೀದಿಯ ಟ್ರಾನ್ಸ್‌ಫಾರ್ಮರಿಗೆ ಹಿಂದಿರುಗಬೇಕು. ಆ ದಾರಿಯ ಒಟ್ಟು ಅಡ್ಡಿ 10 ಓಮ್ ಇದ್ದಲ್ಲಿ ಹರಿಯುವುದು 23 ಆಂಪಿಯರ್ ಮಾತ್ರ. 16 ಆಂಪಿಯರಿನ ಸಿ ಗುಣದ ಎಂಸಿಬಿಯು ಕ್ಷಣಾರ್ಧದಲ್ಲಿ ಬೀಳಬೇಕಾದರೆ 80 ಆಂಪಿಯರಿಗಿಂತ ಹೆಚ್ಚು ಬೇಕಾದುದರಿಂದ, ಅದು ಬಹಳ ಹೊತ್ತು ಸುಮ್ಮನೆ ಕುಳಿತಿರಬಲ್ಲುದು. ಆದುದರಿಂದ 30 ಮಿಲಿಆಂಪಿಯರ್ ಸೋರಿಕೆಗೇ ಕಡಿದುಬೀಳುವ ಆರ್‌ಸಿಸಿಬಿಯನ್ನು ಬಿಟ್ಟು ಯಾವ ಸಂಗೀತದ ಸಾಲೂ ಇರಕೂಡದು. ಇಡೀ ಮನೆಗೆ ಒಂದೇ ಆರ್‌ಸಿಸಿಬಿ ಇದ್ದರೆ ಹತ್ತು ಉಪಕರಣಗಳ ಚಿಲ್ಲರೆ ಸೋರಿಕೆ ಕೂಡಿ ಅಕಾರಣವಾಗಿ ಬೀಳುವುದುಂಟು. ಸಂಗೀತದ ಸಾಲಿಗೆ ಎಂಸಿಬಿಯ ಮತ್ತು ಆರ್‌ಸಿಸಿಬಿಯ ಎರಡೂ ಕಾರ್ಯಗಳನ್ನು ಒಟ್ಟಿಗೆ ಮಾಡುವ ಆರ್‌ಸಿಬಿಓ ಒಂದನ್ನು ಪ್ರತ್ಯೇಕವಾಗಿ ಹಾಕಿಸುವುದು ಉತ್ತಮ.

ಮೂರು ಫೇಸಿನ ಸಂಪರ್ಕವಿರುವ ಮನೆಗಳಲ್ಲಿ ಇನ್ನೊಂದು ಎಚ್ಚರಿಕೆ ಅಗತ್ಯ. ಬೋರ್‌ವೆಲ್ ಮೋಟಾರು, ಗೀಸರು, ಏಸಿ ಇವುಗಳ ಭಾರವನ್ನು ಆದಷ್ಟು ಉಳಿದ ಫೇಸುಗಳಿಗೆ ಹಂಚಿ, ಸಂಗೀತದ ಸಲಕರಣೆಗಳೆಲ್ಲವನ್ನೂ ಒಂದೇ ಫೇಸಿನಲ್ಲಿ ಇರಿಸಬೇಕು. ಮುಂದಿನ ಗೋಡೆಯ ಆಂಪ್ಲಿಫೈಯರು ಒಂದು ಫೇಸಿನಲ್ಲಿಯೂ ಹಿಂದಿನ ಗೋಡೆಯ ಸಬ್‌ವೂಫರು ಇನ್ನೊಂದರಲ್ಲಿಯೂ ಇದ್ದರೆ ಅವೆರಡರ ನಡುವೆ 400 ವೋಲ್ಟ್ ನಿಂತಿರುತ್ತದೆ. ನ್ಯೂಟ್ರಲ್ ತಂತಿಯು ಕಂಬದಲ್ಲಿಯೋ ಮೀಟರಿನಲ್ಲಿಯೋ ಸಡಿಲವಾಗಿ ಕಳಚಿಕೊಂಡರೆ, ಭಾರ ಕಡಿಮೆಯಿರುವ ಫೇಸಿನ ವೋಲ್ಟೇಜು 230ನ್ನು ಬಿಟ್ಟು 400ರತ್ತ ಏರಬಹುದು. ಇದಕ್ಕೆ ಪರಿಹಾರವಾಗಿ ಡಿಬಿಯಲ್ಲಿಯೇ ವೋಲ್ಟೇಜು ಮಿತಿಮೀರಿದಾಗ ಕಡಿಯುವ ರಕ್ಷಕವೊಂದನ್ನು ಇರಿಸುವುದು ಬಹು ಲಾಭದಾಯಕ. ಏಪ್ರಿಲ್-ಮೇ ತಿಂಗಳುಗಳ ಗುಡುಗು ಸಿಡಿಲಿನ ಮಳೆಗೆ ಸರ್ಜ್ ರಕ್ಷಕವೂ ಅಲ್ಲಿಯೇ ಬೇಕು. ಯುಪಿಎಸ್ಸಿನಿಂದ ಸಂಗೀತ ಕೇಳಲೇಬೇಕೆಂಬವರು ಶುದ್ಧ ಸೈನ್ ಅಲೆಯದನ್ನು ಆರಿಸಬೇಕು. ಚೌಕಾಕಾರದ ಅಲೆಯದರಲ್ಲಿ ಟ್ರಾನ್ಸ್‌ಫಾರ್ಮರುಗಳು ಮೊರೆಯುತ್ತವೆ.

ಇಷ್ಟನ್ನೂ ಮಾಡುವುದಕ್ಕೆ ತಗಲುವ ಹಣವು, ಅಂಗಡಿಯವರು ಹೊಗಳಿ ಮಾರುವ ಒಂದು ಅಲಂಕಾರದ ಪವರ್ ಕಾರ್ಡಿನ ಬೆಲೆಗಿಂತ ಕಡಿಮೆಯಾಗಿರುವುದು ಅಪರೂಪವಲ್ಲ. ಕಂಬದಿಂದ ಮೀಟರಿಗೆ, ಮೀಟರಿನಿಂದ ಡಿಬಿಗೆ, ಡಿಬಿಯಿಂದ ಸಾಕೆಟ್ಟಿಗೆ ಸಾಧಾರಣ ತಂತಿಯಲ್ಲಿಯೇ ಹರಿದು ಬಂದ ವಿದ್ಯುತ್ತು ಕೊನೆಯ ಒಂದೂವರೆ ಮೀಟರಿನಲ್ಲಿ ಬೆಳ್ಳಿ ಲೇಪನದಿಂದ ಪಾವನವಾಗುವುದೆಂದು ನಂಬಲು ಭೌತಶಾಸ್ತ್ರದಲ್ಲಿ ಆಧಾರವಿಲ್ಲ. ತನಗೆ ವ್ಯತ್ಯಾಸ ಕೇಳಿಸಿತೆಂದು ಒಬ್ಬ ರಸಿಕನು ಹೇಳಿದರೆ ಅವನ ಪ್ರಾಮಾಣಿಕತೆಯನ್ನು ನಾನು ಸಂಶಯಿಸುವುದಿಲ್ಲ. ಯಾವ ಕಾರ್ಡು ಜೋಡಿಸಿದೆಯೆಂಬುದನ್ನು ಮರೆಮಾಡಿ ಮತ್ತೊಮ್ಮೆ ಕೇಳಿ ನೋಡಬೇಕೆಂದಷ್ಟೇ ವಿನಂತಿಸುತ್ತೇನೆ. ಅಂತಹ ಕಾರ್ಡಿಗೆ ಸುರಿಯುವ ಹಣವು ಗೋಡೆಯೊಳಗಿನ ತಾಮ್ರಕ್ಕೆ, ಭೂಸಂಪರ್ಕದ ಗುಂಡಿಗೆ, ಒಬ್ಬ ನುರಿತ ಎಲೆಕ್ಟ್ರೀಷಿಯನ್ನನ ಕೂಲಿಗೆ ಸಂದರೆ ಅದರ ಫಲವನ್ನು ಮೀಟರು ಹಿಡಿದು ಅಳೆಯಬಹುದು.

ಇದು ಸಿರಿವಂತರ ವಿಲಾಸಕ್ಕೆ ಸಂಬಂಧಿಸಿದ ಮಾತೆಂದೂ, ಬಾಡಿಗೆಯ ಮನೆಯಲ್ಲಿರುವವರಿಗೆ ಇದರಿಂದ ಏನೆಂದೂ ಕೆಲವರು ಆಕ್ಷೇಪಿಸಬಹುದು. ಬಾಡಿಗೆದಾರನೂ ತನ್ನ ಉಪಕರಣಗಳನ್ನೆಲ್ಲ ಒಂದೇ ಸಾಕೆಟ್ಟಿನಿಂದ, ಗಟ್ಟಿಯಾದ ಒಂದೇ ಬಾಕ್ಸಿನ ಮೂಲಕ ನಡೆಸಿದರೆ ಕುಣಿಕೆಯ ದೋಷ ಬಹುಪಾಲು ನೀಗುತ್ತದೆ. ಬಳಕೆಯಿಲ್ಲದ ಏಸಿಯ ಸಾಲೊಂದು ಹಜಾರದಲ್ಲಿದ್ದರೆ ಅದೇ ಸಿದ್ಧವಾದ ಪ್ರತ್ಯೇಕ ಸರ್ಕ್ಯೂಟು. ವಿಲಾಸದ ಮಾತಿಗೆ ನನ್ನ ಉತ್ತರವಿಷ್ಟೆ: ಹಸಿರು ತಂತಿಯ ನಿಷ್ಠೆ, ಜೋಡಣೆಯ ಬಿಗಿ, ಸರಿಯಾದ ಎಂಸಿಬಿ, ಬೇಸಗೆಯಲ್ಲಿ ಅಳೆದ ಗುಂಡಿ ಇವೆಲ್ಲವೂ ಫ್ರಿಜ್ಜಿಗೂ ಮಿಕ್ಸಿಗೂ ರೋಗಿಯ ಹಾಸಿಗೆಯ ಪಕ್ಕದ ಆಮ್ಲಜನಕದ ಯಂತ್ರಕ್ಕೂ ಅಷ್ಟೇ ಬೇಕಾದುವು. ಸಂಗೀತದ ಸಲಕರಣೆಯು ವೈರಿಂಗಿನ ದೋಷವನ್ನು ಕಿವಿಗೆ ಕೇಳಿಸುತ್ತದೆ. ಮಿಕ್ಕ ಉಪಕರಣಗಳು ಅದೇ ದೋಷವನ್ನು ಮೌನವಾಗಿ ಸಹಿಸಿಕೊಂಡು ಒಂದು ದಿನ ಸುಟ್ಟುಹೋಗುತ್ತವೆ.

ಆದುದರಿಂದ ಈ ಕಾರ್ಯವನ್ನು ಒಬ್ಬೊಬ್ಬ ಗೃಹಸ್ಥನ ಎಚ್ಚರಕ್ಕೆ ಮಾತ್ರ ಬಿಟ್ಟರೆ ಸಾಲದು. ವಾಸ್ತುಶಿಲ್ಪಿಗಳು ಮನೆಯ ನಕ್ಷೆಯನ್ನು ಬರೆಯುವಾಗ ದೇವರ ಕೋಣೆಯನ್ನೂ ಅಡುಗೆಮನೆಯನ್ನೂ ಕೇಳಿ ತಿಳಿದುಕೊಳ್ಳುವಂತೆಯೇ ವಿದ್ಯುತ್ತಿನ ಭಾರಗಳನ್ನೂ ಕೇಳಿ ಬರೆದುಕೊಳ್ಳಬೇಕು. ಹೊಸ ಸಂಪರ್ಕಕ್ಕಾಗಿ ಪರವಾನಗಿಯುಳ್ಳ ಗುತ್ತಿಗೆದಾರನು ಸಲ್ಲಿಸುವ ವೈರಿಂಗ್ ಪೂರ್ಣತಾ ವರದಿಯು ಸಹಿ ಹಾಕಿ ಮುಗಿಸುವ ವಿಧಿಯಾಗದೆ, ಅವಾಹಕದ ಅಡ್ಡಿ ಎಷ್ಟು, ಭೂಸಂಪರ್ಕದ ಅಡ್ಡಿ ಎಷ್ಟು, ಆರ್‌ಸಿಸಿಬಿ ಎಷ್ಟು ಸೋರಿಕೆಗೆ ಬಿತ್ತು ಎಂಬ ಮೂರು ಅಳತೆಗಳನ್ನು ಮನೆಯೊಡೆಯನ ಎದುರಿಗೇ ತೆಗೆದು ಬರೆದ ಪತ್ರವಾಗಬೇಕು. ಅಪಾರ್ಟ್‌ಮೆಂಟು ಕಟ್ಟಿ ಮಾರುವವರು, ಗೋಡೆಯೊಳಗೆ ಯಾವ ಪೈಪು ಎಲ್ಲಿ ಹೋಗಿದೆ, ಯಾವ ಎಂಸಿಬಿ ಯಾವ ಸಾಲಿನದು ಎಂಬುದನ್ನು ತೋರಿಸುವ ನಿಜವಾದ ನಕ್ಷೆಯನ್ನು ಬೀಗದ ಕೈಯೊಡನೆಯೇ ಕೊಡಬೇಕು. ಅದನ್ನು ಕೇಳುವ ಹಕ್ಕು ಕೊಳ್ಳುವವನಿಗುಂಟೆಂಬುದನ್ನು ಸರ್ಕಾರವು ನಿಯಮದಲ್ಲಿ ಸ್ಪಷ್ಟಪಡಿಸಬೇಕು. ಈ ವರ್ಷ ಮನೆಗೆ ಪಾಯ ತೋಡುತ್ತಿರುವ ಪ್ರತಿಯೊಬ್ಬರೂ, ಸಂಗೀತವನ್ನು ಕೇಳುವವರಾಗಲಿ ಕೇಳದವರಾಗಲಿ, ಗಾರೆಯ ಕೆಲಸ ಆರಂಭವಾಗುವ ಮುನ್ನ ಎಲೆಕ್ಟ್ರೀಷಿಯನ್ನನನ್ನು ಕುಳ್ಳಿರಿಸಿಕೊಂಡು ಒಂದು ಹಾಳೆಯ ಮೇಲೆ ಆ ನಕ್ಷೆಯನ್ನು ಬರೆಯಿಸಿ, ಹಜಾರಕ್ಕೆ ಒಂದು ಪೈಪನ್ನು ಹೆಚ್ಚಾಗಿ ಹಾಕಿಸಲಿ ಎಂದು ನಾನು ಒತ್ತಾಯಪೂರ್ವಕವಾಗಿ ಕೇಳಿಕೊಳ್ಳುತ್ತೇನೆ.